ಗುಡ್ಡಕ್ಕೆ ಹಣ ಬಂತು; ಓಣಿಯ ನಕ್ಷೆ ಎಲ್ಲಿ?

ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ 100 ಕೋಟಿ ರೂಪಾಯಿಯ ಯೋಜನೆ ಮಂಜೂರಾಗಿದೆ. 2024ರ ನವೆಂಬರಿನಲ್ಲಿ ಕೇಂದ್ರ ಪ್ರವಾಸೋದ್ಯಮ ಸಚಿವಾಲಯ ದೇಶದ 40 ತಾಣಗಳಿಗೆ ಒಪ್ಪಿಗೆ ಕೊಟ್ಟಾಗ ಈ ಗುಡ್ಡವೂ ಪಟ್ಟಿಯಲ್ಲಿತ್ತು. ರಾಜ್ಯಕ್ಕೆ ಬಡ್ಡಿಯಿಲ್ಲದೆ 50 ವರ್ಷದ ಅವಧಿಗೆ ಸಿಗುವ ಸಾಲದ ಹಣ ಇದು. ಕೆಲಸ ಮುಗಿಸಲು ಎರಡು ವರ್ಷದ ಗಡುವು. ಕ್ಷೇತ್ರಕ್ಕೆಂದೇ ರಾಜ್ಯ ಸರ್ಕಾರ ಪ್ರತ್ಯೇಕ ಕಾಯ್ದೆ ಮಾಡಿ ಪ್ರವಾಸೋದ್ಯಮ ಅಭಿವೃದ್ಧಿ ಮಂಡಳಿಯನ್ನೂ ಕಟ್ಟಿದೆ.

ಹಣ ಬೇಕಾಗಿತ್ತು, ಬಂದದ್ದು ಒಳ್ಳೆಯದಾಯಿತು. ಬನದ ಹುಣ್ಣಿಮೆಗೂ ಭಾರತ ಹುಣ್ಣಿಮೆಗೂ ಚಕ್ಕಡಿ ಕಟ್ಟಿಕೊಂಡು, ಟ್ರ್ಯಾಕ್ಟರ್ ಹೂಡಿಕೊಂಡು, ನಡೆದುಕೊಂಡು ಬರುವ ಜನ ಬಯಲಿನಲ್ಲೇ ಅಡುಗೆ ಮಾಡಿ ಪಡ್ಡಲಗಿ ತುಂಬಿಸುತ್ತಾರೆ. ಅವರಿಗೆ ನೀರು, ನೆರಳು, ಶೌಚಾಲಯ ಬೇಕು ಎನ್ನುವುದರಲ್ಲಿ ಎರಡು ಮಾತಿಲ್ಲ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆಯ ಉಚಿತ ಬಸ್ಸು ಶುರುವಾದ ಮೇಲೆ ಹುಣ್ಣಿಮೆ ಇಲ್ಲದ ಮಂಗಳವಾರ, ಶುಕ್ರವಾರಗಳಲ್ಲೂ ಹೆಣ್ಣುಮಕ್ಕಳ ದಟ್ಟಣೆ ಏರಿದೆ. ನಮ್ಮ ಆತಂಕವಿರುವುದು ಗುಡ್ಡದ ಬಗ್ಗೆ ಅಲ್ಲ. ಗುಡ್ಡದ ಕೆಳಗೆ, ಕಿತ್ತೂರು ಕೋಟೆಯ ಬದಿಗೆ, ಬೈಲಹೊಂಗಲದ ಚೆನ್ನಮ್ಮನ ಸಮಾಧಿಯ ಸುತ್ತ ನೂರಾರು ವರ್ಷಗಳಿಂದ ಜನ ಸಂಸಾರ ಮಾಡಿಕೊಂಡಿರುವ ಓಣಿಗಳ ಬಗ್ಗೆ. ಸವದತ್ತಿ, ಕಿತ್ತೂರು, ಬೈಲಹೊಂಗಲ, ರಾಮದುರ್ಗ ಈ ನಾಲ್ಕೂ ಊರುಗಳಲ್ಲಿ ಹಳೆಯ ಗಾಂವಠಾಣದ, ಅಂದರೆ ಮೂಲ ಊರ ನೆಲೆಯ, ಮನೆಗಳು ಒಂದೊಂದಾಗಿ ಬೀಗ ಕಾಣುತ್ತಿವೆ. ಯಾವ ಓಣಿಯಲ್ಲಿ ಯಾರಿದ್ದಾರೆ, ಯಾವ ಮನೆ ನೂರು ವರ್ಷದ್ದು, ಯಾವ ಬಾವಿಯಲ್ಲಿ ಇನ್ನೂ ನೀರಿದೆ ಎಂದು ತಿಳಿಸುವ ಒಂದು ನಕ್ಷೆಯನ್ನು ಊರಿನ ಮುಂದೆ ಯಾರೂ ಇಟ್ಟಿಲ್ಲ. ನಕ್ಷೆ ಇಲ್ಲದ ಓಣಿಯ ಮೇಲೆ ಗಡುವಿನ ಹಣ ಬಂದು ಬಿದ್ದರೆ ಏನಾಗುತ್ತದೆ ಎಂಬುದನ್ನು ನಾಡು ಈಗಾಗಲೇ ಬೇರೆ ಊರುಗಳಲ್ಲಿ ನೋಡಿದೆ.

ಮೊದಲು ಆ ಮನೆಗಳನ್ನೇ ಸರಿಯಾಗಿ ನೋಡಬೇಕು. ಬೀದಿಗೆ ಮುಖ ಮಾಡಿದ ಕಟ್ಟೆ. ಬಾಗಿಲು ದಾಟಿದರೆ ದನ ಕಟ್ಟುವ ಗ್ವಾದಲಿ. ಎರಡು ಮೆಟ್ಟಿಲು ಮೇಲೆ ಪಡಸಾಲೆ. ಅದರ ಹಿಂದೆ ನಡುಮನೆ, ದೇವರ ಕೋಣೆ, ಅಡುಗೆಮನೆ. ಕಲ್ಲು ಮಣ್ಣಿನ ದಪ್ಪ ಗೋಡೆ, ತೊಲೆ, ಜಂತಿ, ಮೇಲೆ ಮಣ್ಣು ಹೊದಿಸಿದ ಮೇಲ್ಮುದ್ದಿ, ನಡುವೆ ಒಂದು ಬೆಳಕಿಂಡಿ. ಏಪ್ರಿಲ್ ತಿಂಗಳ ಮಧ್ಯಾಹ್ನ ಹೊರಗೆ ನಿಲ್ಲಲಾಗದ ಹೊತ್ತಿನಲ್ಲಿ ಫ್ಯಾನ್ ಇಲ್ಲದೆ ಮಲಗಬಹುದಾದ ಮನೆ ಈ ಸೀಮೆಯಲ್ಲಿ ಇದೊಂದೇ. ಆದರೆ ಇದು ಒಂಟಿಯಾಗಿ ನಿಲ್ಲುವ ಮನೆ ಅಲ್ಲ. ಸಾಲಿನ ಒಂದು ಮನೆಗೂ ಇನ್ನೊಂದಕ್ಕೂ ನಡುಗೋಡೆ ಒಂದೇ. ಪಕ್ಕದವರು ಮನೆ ಮಾರಿ, ಕೊಂಡವರು ಜೆಸಿಬಿ ತಂದು ಕೆಡವಿದ ದಿನವೇ ಈಚೆ ಮನೆಯ ಜಂತಿ ಸಡಿಲವಾಗುತ್ತದೆ. ಮುಂದಿನ ಮಳೆಗಾಲದಲ್ಲಿ ಬಯಲಿಗೆ ಬಿದ್ದ ಮಣ್ಣಿನ ಗೋಡೆ ನೆನೆಯುತ್ತದೆ. ಅದರ ಮುಂದಿನ ವರ್ಷ ಆ ಮನೆಯೂ ಮಾರಾಟಕ್ಕೆ ಬರುತ್ತದೆ. ಒಂದು ಸಾಲು ಹೀಗೆ ಖಾಲಿಯಾಗಲು ಯಾರೂ ಒಕ್ಕಲೆಬ್ಬಿಸಬೇಕಾಗಿಲ್ಲ.

ಮಳೆಗಾಲಕ್ಕೆ ಮುಂಚೆ ಮಾಳಿಗೆಗೆ ಹಾಳಮಣ್ಣು ಹಾಕಿ, ಹರಡಿ, ಬಡಿಯುವ ಆಳುಗಳು ಈಗ ಸಿಗುವುದು ಕಷ್ಟ. ಸಿಕ್ಕರೂ ಕೂಲಿ ಮುಪ್ಪಿನವರ ಪಿಂಚಣಿಗೆ ನಿಲುಕುವುದಿಲ್ಲ. ಸರ್ಕಾರದ ನೆರವಿನ ರೀತಿಯೂ ವಿಚಿತ್ರವಾಗಿದೆ. 2019ರ ಆಗಸ್ಟಿನ ಮಳೆ ಮತ್ತು ನೆರೆಯ ನಂತರ ಪೂರ್ತಿ ಬಿದ್ದ ಮನೆಗೆ 5 ಲಕ್ಷ ರೂಪಾಯಿ ಕೊಟ್ಟರು. ಬಿದ್ದವರಿಗೆ ಅದು ಸಲ್ಲಬೇಕಾದದ್ದೇ. ಆದರೆ ನಿಂತ ಮನೆಯ ಒಂದು ತೊಲೆ ಬದಲಿಸಲು, ಒಂದು ನಡುಗೋಡೆ ಗಟ್ಟಿ ಮಾಡಲು ಐವತ್ತು ಸಾವಿರ ಬೇಕೆಂದರೆ ತಟ್ಟಲು ಒಂದು ಬಾಗಿಲೂ ಇಲ್ಲ. ‘ಮನಿ ಬಿದ್ರ ರೊಕ್ಕಾ ಐತಿ, ನಿಂತ್ರ ಏನೂ ಇಲ್ಲ’ ಎಂಬ ಮಾತು ಕಟ್ಟೆಗಳ ಮೇಲೆ ಸುಮ್ಮನೆ ಹುಟ್ಟಿಲ್ಲ. ಆಸೆಯಿಂದಲ್ಲದಿದ್ದರೂ ಆಯಾಸದಿಂದ ಜನ ಮನೆ ಬೀಳುವುದನ್ನು ಕಾಯುವ ಸ್ಥಿತಿಗೆ ನಾವು ತಂದು ನಿಲ್ಲಿಸಿದ್ದೇವೆ.

ಇದರ ಜೊತೆಗೆ ಕಾಗದದ ತೊಡಕು. ಗಾಂವಠಾಣದ ಎಷ್ಟೋ ಮನೆಗಳ ಉತಾರ, ಅಂದರೆ ಹಕ್ಕಿನ ದಾಖಲೆ, ಇನ್ನೂ ಮುತ್ತಜ್ಜನ ಹೆಸರಿನಲ್ಲಿದೆ. ಅಣ್ಣತಮ್ಮಂದಿರ ವಾಟ್ನಿ ಬಾಯಿಮಾತಿನಲ್ಲಿ ಆಗಿದೆ, ದಫ್ತರದಲ್ಲಿ ಆಗಿಲ್ಲ. ಹೆಣ್ಣುಮಕ್ಕಳ ಪಾಲು ಬರೆದೇ ಇಲ್ಲ. ಮನೆಯಲ್ಲಿ ಉಳಿದಿರುವವಳು ವಿಧವೆ ಸೊಸೆ, ಹೆಸರಿರುವುದು ಪುಣೆಯಲ್ಲಿರುವ ಮೈದುನನದು. ನಾಳೆ ರಸ್ತೆ ಅಗಲೀಕರಣಕ್ಕೋ ವಾಹನ ನಿಲ್ದಾಣಕ್ಕೋ ಆ ಜಾಗ ಬೇಕಾದಾಗ ಪರಿಹಾರದ ಚೆಕ್ಕು ಯಾರ ಕೈಗೆ ಹೋಗುತ್ತದೆ? ಬಾಡಿಗೆಗೆ ಇರುವವರ, ಕಟ್ಟೆಯ ಮೇಲೆ ಬಳೆ, ಭಂಡಾರ, ಕುಂಕುಮ ಇಟ್ಟು ಮಾರುವವರ ಮಾತಂತೂ ಯಾವ ಕಾಗದದಲ್ಲೂ ಬರುವುದಿಲ್ಲ. 2013ರ ಭೂಸ್ವಾಧೀನ ಕಾಯ್ದೆಯಲ್ಲಿ ಸಾಮಾಜಿಕ ಪರಿಣಾಮದ ಅಧ್ಯಯನ, ಬಹಿರಂಗ ವಿಚಾರಣೆ ಎಂಬ ಹಂತಗಳಿವೆ. ಮನೆಮನೆಗೆ ಹೋಗಿ ಮಾತಾಡಿ ನೇರವಾಗಿ ಖರೀದಿಸಿದರೆ ಆ ಹಂತಗಳೇ ಬರುವುದಿಲ್ಲ. ಕಾಶಿಯಲ್ಲಿ ವಿಶ್ವನಾಥ ಧಾಮಕ್ಕಾಗಿ ಗಂಗೆಯ ದಂಡೆಯವರೆಗಿನ ಮುನ್ನೂರರಷ್ಟು ಆಸ್ತಿಗಳನ್ನು ಬಹುಮಟ್ಟಿಗೆ ಹಾಗೆಯೇ ಕೊಂಡರು. 2021ರ ಡಿಸೆಂಬರಿನಲ್ಲಿ ಉದ್ಘಾಟನೆಯಾದಾಗ ಒಂದು ಇಡೀ ಬಡಾವಣೆಯ ಗಲ್ಲಿಗಳು ನಕ್ಷೆಯಿಂದ ಹೋಗಿದ್ದವು. ನಮ್ಮ ವಾರಕರಿಗಳು ಆಷಾಢಕ್ಕೆ ಹೋಗುವ ಪಂಢರಪುರದಲ್ಲಿ ಅದೇ ಮಾದರಿಯ ಕಾರಿಡಾರ್ ಎಂದ ಕೂಡಲೇ ಗುಡಿಯ ಸುತ್ತಲ ಮನೆಯವರು, ಅಂಗಡಿಯವರು ಬೀದಿಗಿಳಿದರು.

ದೂರ ಹೋಗುವುದೇ ಬೇಡ. ಹಂಪಿಯ ವಿರೂಪಾಕ್ಷ ಬಜಾರಿನಲ್ಲಿ ವಾಸವಿದ್ದ ಕುಟುಂಬಗಳನ್ನು 2011ರ ಜುಲೈನಲ್ಲಿ ಎಬ್ಬಿಸಿದರು. ಸ್ಮಾರಕ ಉಳಿಸಬೇಕು ಎಂಬ ಉದ್ದೇಶ ಸರಿಯೇ ಇತ್ತು. ಆದರೆ ಜನರ ಜೊತೆ ಮಾತು ನಡೆಯಬೇಕಾದ ವರ್ಷಗಳೆಲ್ಲ ಸುಮ್ಮನೆ ಕಳೆದು, ಕೊನೆಗೆ ಮಾತಾಡಿದ್ದು ಜೆಸಿಬಿ. ರಾಮದುರ್ಗದವರಿಗೆ ನೆಂಟಸ್ತಿಕೆಯಿರುವ ಐಹೊಳೆಯಲ್ಲಿ ಇನ್ನೊಂದು ಬಗೆಯ ಸಂಕಟ: ಊರು ಸ್ಥಳಾಂತರವಾಗುತ್ತದೆ ಎಂಬ ಮಾತು ದಶಕಗಳಿಂದ ಇದೆ, ಆಗುವುದೂ ಇಲ್ಲ, ಬಿಡುವುದೂ ಇಲ್ಲ. ಕೇಂದ್ರದ ಸಂರಕ್ಷಿತ ಸ್ಮಾರಕದಿಂದ 100 ಮೀಟರಿನೊಳಗೆ ಹೊಸದಾಗಿ ಕಟ್ಟುವಂತಿಲ್ಲ, ಆಚೆಯ 200 ಮೀಟರಿನಲ್ಲಿ ಅನುಮತಿ ಬೇಕು. ಒಂದು ಬಚ್ಚಲು ಕಟ್ಟಿಸಲೂ ಅಂಜುವ ಬಾಳು ಅದು. ಎಬ್ಬಿಸುವುದಷ್ಟೇ ಅನ್ಯಾಯ ಎಂದುಕೊಳ್ಳಬಾರದು, ತೀರ್ಮಾನವಿಲ್ಲದೆ ಕೂರಿಸುವುದೂ ಅನ್ಯಾಯವೇ.

ಇಂಗ್ಲೆಂಡಿನ ಕೆಥೆಡ್ರಲ್ ಊರುಗಳ ಉದಾಹರಣೆ ಇಲ್ಲಿ ಉಪಯೋಗಕ್ಕೆ ಬರುತ್ತದೆ. ವೆಲ್ಸ್ ಎಂಬ ಸಣ್ಣ ಊರಿನಲ್ಲಿ ದೊಡ್ಡ ಇಗರ್ಜಿಯ ಪಕ್ಕಕ್ಕೇ ವಿಕರ್ಸ್ ಕ್ಲೋಸ್ ಎಂಬ ಓಣಿ ಇದೆ. 14ನೇ ಶತಮಾನದಲ್ಲಿ ಇಗರ್ಜಿಯ ಹಾಡುಗಾರರಿಗಾಗಿ ಕಟ್ಟಿದ ಎರಡು ಸಾಲು ಮನೆ. ಈ ಕಾಲದವರೆಗೂ ಹಾಡುಗಾರರು ಅಲ್ಲಿ ವಾಸ ಮಾಡಿಕೊಂಡು ಬಂದಿದ್ದಾರೆ. ಗುಡಿಯ ಸೇವೆ ಮಾಡುವವರು ಗುಡಿಯ ನೆರಳಲ್ಲೇ ಇರಬೇಕು ಎಂಬುದನ್ನು ಆ ಊರು ಬಿಟ್ಟುಕೊಡಲಿಲ್ಲ. ಆ ದೇಶ 1967ರಲ್ಲಿ ಕಾನೂನು ಮಾಡಿ, ಒಂದೊಂದೇ ಕಟ್ಟಡದ ಜೊತೆಗೆ ಇಡೀ ಬಡಾವಣೆಯನ್ನು ಸಂರಕ್ಷಿತ ಪ್ರದೇಶವೆಂದು ಗುರುತಿಸುವ ಪದ್ಧತಿ ತಂದಿತು. ಅಲ್ಲೂ ಎಲ್ಲ ಸುಖವಾಗಿಲ್ಲ: ಕ್ಯಾಂಟರ್ಬರಿಯಲ್ಲಿ ಸಂಸಾರದ ಮನೆಗಳು ಸಾಲುಸಾಲಾಗಿ ವಿದ್ಯಾರ್ಥಿಗಳ ಬಾಡಿಗೆ ಮನೆಗಳಾದಾಗ, ಹಾಗೆ ಬದಲಿಸಲು ಅನುಮತಿ ಬೇಕು ಎಂದು ನಗರಾಡಳಿತ ನಿಯಮ ಬಿಗಿ ಮಾಡಬೇಕಾಯಿತು. ನಮ್ಮಲ್ಲಿ ಸವದತ್ತಿಯ ಮನೆಯೊಂದು ಲಾಡ್ಜ್ ಆದರೆ ಕೇಳುವವರಾರು?

ಕಿತ್ತೂರಿನದು ಇನ್ನೂ ನಾಜೂಕಿನ ಸ್ಥಿತಿ. 1824ರ ಅಕ್ಟೋಬರ್ 23ರಂದು ಬ್ರಿಟಿಷ್ ಅಧಿಕಾರಿ ಥ್ಯಾಕರೆ ಬಿದ್ದ ಕೋಟೆಯ ಎದುರಿಗೆ ಬೆಳೆದ ಊರು ಅದು. ಗುರುವಾರ ಪೇಟೆ, ಸೋಮವಾರ ಪೇಟೆ, ರಾಜಗುರು ಸಂಸ್ಥಾನ ಕಲ್ಮಠ, ಇವೆಲ್ಲ ಸೇರಿಯೇ ಕಿತ್ತೂರು. 2022ರಲ್ಲಿ ಹಳೆಯ ಅರಮನೆಯ ಮಾದರಿಯನ್ನು ಬಚ್ಚನಕೇರಿ ಹಳ್ಳಿಯಲ್ಲಿ ಕಟ್ಟುವ ಮಾತು ಬಂದಾಗ ಪೇಟೆಯ ಜನ ಕೋಟೆಯ ಹತ್ತಿರವೇ ಆಗಲಿ ಎಂದು ಹೋರಾಡಿದರು. ಆ ಪ್ರೀತಿ ನಮಗೆ ಅರ್ಥವಾಗುತ್ತದೆ. ಆದರೆ ಕೋಟೆಯ ಹತ್ತಿರ ಏನೇ ದೊಡ್ಡದು ಬಂದರೂ ಅದಕ್ಕೆ ಬೇಕಾದ ದಾರಿ, ಬಯಲು, ನಿಲುಗಡೆ ಯಾರ ಹಿತ್ತಲಿನಿಂದ ಬರುತ್ತದೆ ಎಂಬ ಪ್ರಶ್ನೆಯನ್ನು ಆಗ ಯಾರೂ ಗಟ್ಟಿಯಾಗಿ ಕೇಳಲಿಲ್ಲ. ಹೆದ್ದಾರಿ ಪಕ್ಕದಲ್ಲೇ ಇದೆ, ಕಿತ್ತೂರಿನ ಮೂಲಕ ಧಾರವಾಡ–ಬೆಳಗಾವಿ ನೇರ ರೈಲು ಮಾರ್ಗಕ್ಕೆ ಮಂಜೂರಾತಿ ಸಿಕ್ಕಿದೆ. ಜಾಗದ ಬೆಲೆ ಏರುವುದಕ್ಕೆ ರೈಲು ಬರುವವರೆಗೆ ಕಾಯಬೇಕಾಗಿಲ್ಲ. ಪ್ರತಿ ಅಕ್ಟೋಬರಿನಲ್ಲಿ ಉತ್ಸವದ ಮೂರು ದಿನ ಬೀದಿಗೆ ಸುಣ್ಣ ಬಣ್ಣ ಬಳಿದು, ಉಳಿದ ದಿನಗಳಲ್ಲಿ ಅದೇ ಬೀದಿಯ ಗಟಾರ ಕಟ್ಟಿಕೊಂಡಿದ್ದರೂ ನೋಡದೆ ಬಿಡುವುದು ಊರನ್ನು ಗೌರವಿಸುವ ರೀತಿ ಅಲ್ಲ.

ಬೈಲಹೊಂಗಲದಲ್ಲಿ ಒತ್ತಡ ಬರುತ್ತಿರುವುದು ಬಜಾರದ ಕಡೆಯಿಂದ. ಕಿತ್ತೂರಿನ ರಾಣಿ ಚೆನ್ನಮ್ಮ ಸೆರೆಯಲ್ಲಿದ್ದು 1829ರ ಫೆಬ್ರುವರಿ 2ರಂದು ಕಣ್ಣುಮುಚ್ಚಿದ ಊರಿನ ನಡುವೆಯೇ ಅವಳ ಸಮಾಧಿ ಇದೆ. ಅರಳೆ ವ್ಯಾಪಾರದ ಕಾಲದ ವಾಡೆಗಳು ಕಾಂಪ್ಲೆಕ್ಸುಗಳಿಗೆ ಜಾಗ ಬಿಡುತ್ತಿವೆ. ರಾಮದುರ್ಗದ ಹೆದರಿಕೆ ಮಲಪ್ರಭೆಯದು. 1948ರವರೆಗೆ ಸಂಸ್ಥಾನವಾಗಿದ್ದ ಈ ಊರಿನ ತಗ್ಗಿನ ಓಣಿಗಳಿಗೆ 2019ರಲ್ಲಿ ನೀರು ನುಗ್ಗಿತು. ನೇಕಾರನ ಮನೆಯಲ್ಲಿ ಮಗ್ಗದ ಕುಣಿ ತುಂಬಿದರೆ ಮನೆಯ ಜೊತೆ ದುಡಿಮೆಯೂ ಹೋಗುತ್ತದೆ. ಅವರಿಗೆ ಎತ್ತರದಲ್ಲಿ ನಿವೇಶನ ಕೊಡುವುದೇ ಸರಿಯಾದರೆ ಮಗ್ಗಕ್ಕೂ ಸೇರಿ ಜಾಗ ಅಳೆಯಬೇಕು. ಮೂವತ್ತು ನಲವತ್ತರ ನಿವೇಶನದಲ್ಲಿ ಸಂಸಾರವೂ ಮಗ್ಗವೂ ಹಿಡಿಸುವುದಿಲ್ಲ.

ಈ ಓಣಿಗಳ ಮಾತು ಮೇಲಕ್ಕೆ ಮುಟ್ಟದಿರುವುದಕ್ಕೆ ಒಂದು ಕಾನೂನಿನ ಕಾರಣವೂ ಇದೆ. ಗುಡ್ಡದ ಬುಡದ ಉಗರಗೋಳದವರು ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಬಹುದು. ಆದರೆ ಸವದತ್ತಿ, ಬೈಲಹೊಂಗಲ, ರಾಮದುರ್ಗ ಪುರಸಭೆಗಳು, ಕಿತ್ತೂರು ಪಟ್ಟಣ ಪಂಚಾಯಿತಿ. ಸಂವಿಧಾನ ವಾರ್ಡ್ ಸಮಿತಿಯನ್ನು ಕಡ್ಡಾಯ ಮಾಡಿರುವುದು 3 ಲಕ್ಷ ಜನಸಂಖ್ಯೆ ದಾಟಿದ ಊರುಗಳಿಗೆ ಮಾತ್ರ. ಹಳ್ಳಿಗೂ ಸೇರದ, ದೊಡ್ಡ ನಗರಕ್ಕೂ ಸೇರದ ಈ ಪೇಟೆಗಳ ನಿವಾಸಿಗೆ ಕೂತು ಮಾತಾಡುವ ಸಭೆಯೇ ಇಲ್ಲ.

ಆದ್ದರಿಂದ ಬರುವ ಬನದ ಹುಣ್ಣಿಮೆಗಿಂತ ಮುಂಚೆ ಸವದತ್ತಿ ಪುರಸಭೆ ಮತ್ತು ಕ್ಷೇತ್ರ ಮಂಡಳಿ ಜೊತೆಗೂಡಿ, ಯೋಜನೆಯ ಪೂರ್ತಿ ನಕಾಶೆಯನ್ನು ಕನ್ನಡದಲ್ಲಿ ಬರೆಸಿ ಬಸ್ ನಿಲ್ದಾಣದಲ್ಲೂ ಪುರಸಭೆಯ ಗೋಡೆಯ ಮೇಲೂ ಹಚ್ಚಲಿ. ಯಾವ ರಸ್ತೆ ಎಷ್ಟು ಅಗಲ, ಯಾರ ಮನೆಯ ಯಾವ ಭಾಗ ಎಂಬುದು ಅದರಲ್ಲಿ ಕಾಣಲಿ. ಸಿಟಿ ಸರ್ವೆಯವರು ಓಣಿಗೇ ಬಂದು ಕೂತು ವಾರಸಾ, ವಾಟ್ನಿ ನೋಂದಣಿ ಮಾಡಿಕೊಡುವ ಶಿಬಿರ ನಾಲ್ಕೂ ಊರಲ್ಲಿ ನಡೆಯಲಿ, ಹೆಣ್ಣುಮಕ್ಕಳ ಹೆಸರು ಬಿಡದೆ ಬರೆಯಲಿ. ನಿಂತಿರುವ ಮೇಲ್ಮುದ್ದಿ ಮನೆಯ ದುರಸ್ತಿಗೆ ಜಿಲ್ಲಾಡಳಿತ ಸಣ್ಣದಾದರೂ ಒಂದು ನಿಧಿ ತೆಗೆದಿಡಲಿ, ನಡುಗೋಡೆ ಹಂಚಿಕೊಂಡ ಮನೆ ಕೆಡವುವ ಮುನ್ನ ನೆರೆಯವರಿಗೆ ಲಿಖಿತ ತಿಳಿವಳಿಕೆ ಕೊಡುವುದು ಕಡ್ಡಾಯವಾಗಲಿ. ಬೆಳಗಾವಿಯಲ್ಲಿ ವಾಸ್ತುಶಿಲ್ಪ ಓದುವ ಮಕ್ಕಳಿದ್ದಾರೆ. ಒಂದು ಬೇಸಿಗೆ ಅವರಿಗೆ ಟೇಪು, ಕಾಗದ, ಊಟ ಕೊಟ್ಟರೆ ಈ ಓಣಿಗಳ ಅಳತೆ ಮುಗಿಯುತ್ತದೆ. ಓಣಿಯವರೂ ತಮ್ಮ ಪಾಲಿನ ಕೆಲಸ ಮಾಡಬೇಕು: ಉತಾರ ತೆಗೆಸಿ ನೋಡಿಕೊಳ್ಳಿ, ಮಾರಾಟದ ಮಾತು ಹೇಳಿಕೊಂಡು ಬರುವ ದಲ್ಲಾಳಿಯ ಮುಂಗಡದ ಕಾಗದಕ್ಕೆ ಸಹಿ ಹಾಕುವ ಮುಂಚೆ ನಡುಗೋಡೆಯ ಆಚೆಯವರನ್ನು ಕರೆದು ಕೂರಿಸಿ ಮಾತಾಡಿ.