ದೆವ್ವಕ್ಕೆ ಮಾಫಿ ಉಂಟು, ಲೇಖಕರಿಗಿಲ್ಲ

ಅಮೆರಿಕದ ರೋಡ್ ಐಲೆಂಡ್ ರಾಜ್ಯದ ಕ್ವಿಂಡಿಕಾಟ್ ಎಂಬ ಊರು ನಕಾಶೆಯಲ್ಲಿ ಸಿಗುವುದಿಲ್ಲ, ಕಾದಂಬರಿಯಲ್ಲಿ ಮಾತ್ರ ಸಿಗುತ್ತದೆ. ಅಲ್ಲಿ ಪೆನೆಲೊಪಿ ಎಂಬ ವಿಧವೆ ತನ್ನ ಸೋದರತ್ತೆ ಸೇಡಿಯ ಜೊತೆ ಸೇರಿ ಪುಸ್ತಕದಂಗಡಿ ನಡೆಸುತ್ತಾಳೆ. ಸ್ಪೆನ್ಸರ್ ಎಂಬ ಪುಟ್ಟ ಮಗನಿದ್ದಾನೆ, ಅಂಗಡಿಯ ಖರ್ಚು ತೂಗಿಸುವ ಚಿಂತೆ ಇದೆ. ಇವುಗಳ ಜೊತೆಗೆ ಒಂದು ದೆವ್ವವೂ ಇದೆ. ಜ್ಯಾಕ್ ಶೆಪರ್ಡ್ ಎಂಬ ಖಾಸಗಿ ಪತ್ತೇದಾರ 1949ರಲ್ಲಿ ಅದೇ ಕಟ್ಟಡದಲ್ಲಿ ಕೊಲೆಯಾಗಿ ಅಲ್ಲೇ ಉಳಿದುಬಿಟ್ಟಿದ್ದಾನೆ. ಅವನ ಮಾತು ಕೇಳಿಸುವುದು ಪೆನೆಲೊಪಿಗೆ ಒಬ್ಬಳಿಗೇ. ಅಂಗಡಿಯಲ್ಲಿ ಪುಸ್ತಕ ಬಿಡುಗಡೆಗೆಂದು ಬಂದ ಪ್ರಸಿದ್ಧ ಲೇಖಕನೊಬ್ಬ ಭಾಷಣದ ನಡುವೆಯೇ ಕುಸಿದು ಸತ್ತಾಗ, ಸತ್ತ ಪತ್ತೇದಾರ ಮತ್ತು ಬದುಕಿರುವ ಅಂಗಡಿಯಾಕೆ ಜೊತೆಯಾಗಿ ತನಿಖೆಗೆ ಇಳಿಯುತ್ತಾರೆ.

ಈ ಸರಣಿಯ ಮೊದಲ ಕಾದಂಬರಿ ‘ದಿ ಘೋಸ್ಟ್ ಅಂಡ್ ಮಿಸೆಸ್ ಮೆಕ್ಲೂರ್’ ಬಂದದ್ದು 2004ರಲ್ಲಿ. ಬರೆದವರು ಆಲಿಸ್ ಅಲ್ಫಾನ್ಸಿ ಮತ್ತು ಮಾರ್ಕ್ ಸೆರಸಿನಿ ದಂಪತಿ. ಮೊದಲು ಆಲಿಸ್ ಕಿಂಬರ್ಲಿ ಎಂಬ ಹೆಸರಿನಲ್ಲಿ ಬಂದ ಈ ಪುಸ್ತಕಗಳು ಈಗ ಕ್ಲಿಯೊ ಕೊಯ್ಲ್ ಎಂಬ ಕಾವ್ಯನಾಮದಲ್ಲಿ ಸಿಗುತ್ತವೆ. 2009ರಲ್ಲಿ ಐದನೆಯ ಪುಸ್ತಕಕ್ಕೆ ಸರಣಿ ನಿಂತುಹೋಯಿತು. ಒಂಬತ್ತು ವರ್ಷ ಸುಮ್ಮನಿದ್ದ ಜ್ಯಾಕ್ 2018ರಲ್ಲಿ ಮತ್ತೆ ಬಾಯಿ ತೆರೆದ. ಜನಪ್ರಿಯ ಸಾಹಿತ್ಯದಲ್ಲಿ ಒಂಬತ್ತು ವರ್ಷವೆಂದರೆ ಮರೆತುಹೋಗಲು ಧಾರಾಳ ಸಮಯ. ಓದುಗರು ಮರೆಯಲಿಲ್ಲ.

ಇಂಗ್ಲಿಷಿನಲ್ಲಿ ಇಂಥ ಕಾದಂಬರಿಗಳನ್ನು ‘ಕೋಜಿ ಮಿಸ್ಟರಿ’ ಎನ್ನುತ್ತಾರೆ. ಕೊಲೆ ಇರುತ್ತದೆ, ರಕ್ತದ ಕೋಡಿ ಇರುವುದಿಲ್ಲ. ಊರು ಚಿಕ್ಕದು, ಎಲ್ಲರಿಗೂ ಎಲ್ಲರ ಪರಿಚಯ. ಪತ್ತೆ ಮಾಡುವಾಕೆ ಪೊಲೀಸಲ್ಲ. ಬೇಕರಿಯವಳೋ ಗ್ರಂಥಪಾಲಕಿಯೋ ಆಗಿರುತ್ತಾಳೆ. ಇದಕ್ಕೆ ದೆವ್ವ, ಮಾಟಗಾತಿ, ಭವಿಷ್ಯ ಕಾಣುವ ಶಕ್ತಿ ಸೇರಿದರೆ ‘ಪ್ಯಾರಾನಾರ್ಮಲ್ ಕೋಜಿ’. ವಿಮರ್ಶಕರು ಇವನ್ನು ಗಂಭೀರವಾಗಿ ತೆಗೆದುಕೊಳ್ಳುವುದು ಅಪರೂಪ. ಹೊತ್ತು ಕಳೆಯಲು ಓದುವ ಪುಸ್ತಕ, ಓದುವವರೂ ಹಾಗೆಯೇ ಹಗುರ ಎಂಬ ತೀರ್ಮಾನ ಮೊದಲೇ ಆಗಿಬಿಟ್ಟಿರುತ್ತದೆ. ಆ ತೀರ್ಮಾನ ತಪ್ಪು. ಈ ಓದುಗರು ಆಡುವ ಮಾತುಗಳನ್ನು ಕಿವಿಗೊಟ್ಟು ಕೇಳಿದರೆ, ಕಥೆ ಕಟ್ಟುವ ಕಸುಬಿನ ಬಗ್ಗೆ ಅವರಷ್ಟು ಖಚಿತವಾಗಿ ಮಾತನಾಡುವವರು ಕಡಿಮೆ ಎಂಬುದು ತಿಳಿಯುತ್ತದೆ.

ಜ್ಯಾಕ್ ಶೆಪರ್ಡ್‌ನನ್ನೇ ನೋಡಿ. ಸತ್ತವನೊಬ್ಬ ಮಾತನಾಡುತ್ತಾನೆ ಎಂಬುದಕ್ಕೆ ಅಭಿಮಾನಿಗಳ ತಕರಾರಿಲ್ಲ. ಅವರು ಕೇಳುವ ಪ್ರಶ್ನೆ ಬೇರೆ: ದೆವ್ವಕ್ಕೆ ಗೋಡೆ ಅಡ್ಡಿಯಿಲ್ಲ ಅಂದಮೇಲೆ, ಕೊಲೆಗಾರನ ಮನೆಗೇ ಹೋಗಿ ನೋಡಿ ಬರಬಹುದಲ್ಲ? ಲೇಖಕ ದಂಪತಿ ಈ ಪ್ರಶ್ನೆಯನ್ನು ಮೊದಲೇ ಊಹಿಸಿದ್ದರು. ಜ್ಯಾಕ್ ಆ ಕಟ್ಟಡಕ್ಕೆ ಅಂಟಿಕೊಂಡವನು, ಹೊಸಿಲು ದಾಟಲಾರ. ಅವನದೇ ಕಾಲದ ಒಂದು ಹಳೆಯ ಐದು ಸೆಂಟಿನ ನಾಣ್ಯವನ್ನು ಪೆನೆಲೊಪಿ ಜೊತೆಗಿಟ್ಟುಕೊಂಡರೆ ಮಾತ್ರ ಅವಳ ಹಿಂದೆ ಹೋಗಬಲ್ಲ. ಅವಳು ಹೋಗದ ಕಡೆ ಅವನೂ ಇಲ್ಲ. ಅವನಿಗೆ ಗೊತ್ತಿರುವುದು ನಲವತ್ತರ ದಶಕದ ನ್ಯೂಯಾರ್ಕ್, ಅಲ್ಲಿನ ಕಳ್ಳರು, ಅಲ್ಲಿನ ಭಾಷೆ. ತನ್ನ ಹಳೆಯ ಪ್ರಕರಣಗಳನ್ನು ಅವಳ ಕನಸಿಗೆ ತಂದು ತೋರಿಸುತ್ತಾನೆ. ಅದರಿಂದ ಅವಳು ಪತ್ತೇದಾರಿಕೆಯ ಪಟ್ಟು ಕಲಿಯುತ್ತಾಳೆ, ಕೊಲೆಗಾರನ ಹೆಸರನ್ನಲ್ಲ. ಸಾಕ್ಷ್ಯ ಹುಡುಕುವುದು, ಪೊಲೀಸರನ್ನು ಒಪ್ಪಿಸುವುದು ಅವಳ ಪಾಲಿನ ಕೆಲಸ. ‘ದೆವ್ವ ಹೇಳಿತು’ ಎಂದರೆ ಯಾವ ಠಾಣೆಯಲ್ಲಿ ದೂರು ಬರೆದುಕೊಳ್ಳುತ್ತಾರೆ?

ಒಂದು ನಾಣ್ಯದ ಮೇಲೆ ಇಡೀ ಸರಣಿಯ ನ್ಯಾಯ ನಿಂತಿದೆ. ಅದು ಅಷ್ಟು ಮುಖ್ಯವೆಂದು ಓದುಗರಿಗೆ ಗೊತ್ತು. ಆದ್ದರಿಂದಲೇ ಅದರ ಮೇಲೆ ಅವರದು ಸದಾ ಒಂದು ಕಣ್ಣು.

ಸೋಫಿ ಕೆಲಿ ಹೆಸರಿನಲ್ಲಿ 2011ರಿಂದ ಬರುತ್ತಿರುವ ‘ಮ್ಯಾಜಿಕಲ್ ಕ್ಯಾಟ್ಸ್’ ಸರಣಿಯೂ ಹೀಗೆಯೇ ಬಿಗಿಯಾಗಿದೆ. ಮಿನ್ನೆಸೋಟಾದ ಒಂದು ಕಲ್ಪಿತ ಊರಿನ ಗ್ರಂಥಾಲಯ ನೋಡಿಕೊಳ್ಳುವ ಕ್ಯಾಥ್ಲೀನ್ ಎರಡು ಬೆಕ್ಕು ಸಾಕಿದ್ದಾಳೆ. ಓವನ್ ಮಾಯವಾಗಬಲ್ಲ, ಹರ್ಕ್ಯುಲಿಸ್ ಗೋಡೆಯೊಳಗಿಂದ ನಡೆದುಹೋಗಬಲ್ಲ. ಆದರೆ ಎರಡಕ್ಕೂ ಮಾತು ಬಾರದು. ಕಂಡದ್ದನ್ನು ಬೆಕ್ಕು ಹೇಳಲಾರದು. ಎಲ್ಲಿಂದಲೋ ಒಂದು ಕಾಗದದ ಚೂರು ಕಚ್ಚಿ ತಂದೀತು, ಅಷ್ಟೆ. ಅದರ ಅರ್ಥ ಬಿಡಿಸಬೇಕಾದವಳು ಕ್ಯಾಥ್ಲೀನ್, ಅವಳ ಜೊತೆಗೆ ಓದುಗರು. ಬೆಕ್ಕುಗಳ ಪಾಲು ಇನ್ನಷ್ಟು ಬೇಕು ಎನ್ನುವವರು, ಇಷ್ಟೇ ಸಾಕು ಎನ್ನುವವರು ಎರಡು ಪಂಗಡವಾಗಿ ವಾದಿಸುತ್ತಾರೆ. ಇಷ್ಟೇ ಸಾಕು ಎನ್ನುವವರ ಮಾತಿನಲ್ಲಿ ತೂಕ ಹೆಚ್ಚು. ಬೆಕ್ಕು ಬಾಯಿಬಿಟ್ಟ ದಿನ ಕಥೆಗೆ ಕೆಲಸವೇ ಉಳಿಯುವುದಿಲ್ಲ.

ಪತ್ತೇದಾರಿ ಕಾದಂಬರಿಯ ಹಿರಿಯರು ದೆವ್ವವನ್ನು ಬಾಗಿಲೊಳಗೇ ಬಿಟ್ಟಿರಲಿಲ್ಲ. ಇಂಗ್ಲೆಂಡಿನ ಪಾದ್ರಿ, ಪತ್ತೇದಾರಿ ಲೇಖಕ ರೊನಾಲ್ಡ್ ನಾಕ್ಸ್ 1929ರಲ್ಲಿ ಹತ್ತು ನಿಯಮ ಬರೆದ. ಅತಿಮಾನುಷ ಶಕ್ತಿಗೆ ಪ್ರವೇಶವಿಲ್ಲ ಎಂಬುದು ಅದರಲ್ಲಿ ಎರಡನೆಯದು. ಮರುವರ್ಷ ಲಂಡನ್ನಿನಲ್ಲಿ ಹುಟ್ಟಿದ ಡಿಟೆಕ್ಷನ್ ಕ್ಲಬ್ಬಿಗೆ ಜಿ.ಕೆ. ಚೆಸ್ಟರ್‌ಟನ್ ಮೊದಲ ಅಧ್ಯಕ್ಷ. ಅಗಾಥಾ ಕ್ರಿಸ್ಟಿ, ಡೊರೊತಿ ಸೇಯರ್ಸ್ ಸದಸ್ಯರು. ದೈವವಾಣಿ, ಮಾಟಮಂತ್ರ, ಕಾಕತಾಳೀಯಗಳ ಆಸರೆಯಿಂದ ಅಪರಾಧ ಬಿಡಿಸುವುದಿಲ್ಲ ಎಂದು ಅಲ್ಲಿ ಪ್ರಮಾಣ ಮಾಡಬೇಕಿತ್ತು. ಕಾನನ್ ಡಾಯ್ಲ್‌ನ ಬಾಸ್ಕರ್‌ವಿಲ್ ಮನೆತನವನ್ನು ಕಾಡುವ ಬೆಂಕಿಯುಗುಳುವ ನಾಯಿ ಕೊನೆಗೆ ರಂಜಕ ಬಳಿದ ಮಾಮೂಲು ನಾಯಿಯೇ. ಕ್ರಿಸ್ಟಿಯ 1961ರ ‘ದಿ ಪೇಲ್ ಹಾರ್ಸ್’ ಕಾದಂಬರಿಯಲ್ಲಿ ಹಳ್ಳಿಯ ಮೂವರು ಹೆಂಗಸರು ಶಾಪ ಹಾಕಿ ಜನರನ್ನು ಕೊಲ್ಲುತ್ತಾರೆಂಬ ಗುಲ್ಲು. ನಿಜವಾಗಿ ಕೊಲ್ಲುವುದು ಥ್ಯಾಲಿಯಂ ವಿಷ.

ಆ ಕಾದಂಬರಿಗೆ ಸಂಬಂಧಿಸಿದ ಒಂದು ಘಟನೆಯನ್ನು ಇಲ್ಲಿ ಹೇಳಲೇಬೇಕು. 1977ರಲ್ಲಿ ಕತಾರಿನಿಂದ ಲಂಡನ್ನಿನ ಆಸ್ಪತ್ರೆಗೆ ಒಂದು ಮಗುವನ್ನು ತಂದಿದ್ದರು. ಕಾಯಿಲೆ ಏನೆಂದು ವೈದ್ಯರಿಗೆ ಹೊಳೆದಿರಲಿಲ್ಲ. ಆಗ ‘ದಿ ಪೇಲ್ ಹಾರ್ಸ್’ ಓದುತ್ತಿದ್ದ ನರ್ಸ್ ಒಬ್ಬರು ಮಗುವಿನ ಕೂದಲು ಉದುರುತ್ತಿದ್ದುದನ್ನು ಗಮನಿಸಿ, ಇದು ಥ್ಯಾಲಿಯಂ ಇರಬಹುದೇ ಎಂದು ಕೇಳಿದರು. ಪರೀಕ್ಷೆ ಮಾಡಿದರೆ ಅದೇ ಹೌದು. ಮಗು ಉಳಿಯಿತು. ಪತ್ತೇದಾರಿ ಕಾದಂಬರಿ ಓದುವವರ ಓದು ಎಷ್ಟು ಜಾಗರೂಕವಾಗಿರುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಇಂಥವರ ಎದುರು ಅರ್ಧಂಬರ್ಧ ಸುಳಿವು ಎಸೆದು ಪಾರಾಗುತ್ತೇನೆ ಎಂದುಕೊಳ್ಳುವ ಲೇಖಕರಿಗೆ ಕಷ್ಟಕಾಲ ಕಾದಿದೆ ಎಂದೇ ಅರ್ಥ.

ನಾಕ್ಸ್ ಹೇಳಿದ್ದರ ತಿರುಳು, ಓದುಗರಿಗೆ ಮೋಸವಾಗಬಾರದು ಎಂಬುದು. ದೆವ್ವ ಬಂದರೆ ಮೋಸವಾಗಿಯೇ ತೀರುತ್ತದೆ ಎಂದು ಆತ ನಂಬಿದ್ದ. ಹಾಗೇನಿಲ್ಲ ಎಂದು ತೋರಿಸಿಕೊಟ್ಟದ್ದು ಪ್ಯಾರಾನಾರ್ಮಲ್ ಕೋಜಿಗಳ ಸಾಧನೆ. ದೆವ್ವಕ್ಕೆ ಏನು ಸಾಧ್ಯ, ಏನು ಅಸಾಧ್ಯ ಎಂಬುದನ್ನು ಮೊದಲ ಅಧ್ಯಾಯಗಳಲ್ಲೇ ಹೇಳಿ, ಕೊನೆಯವರೆಗೂ ಆ ಮಾತಿಗೆ ಬದ್ಧವಾದರೆ ಆಟ ನ್ಯಾಯವಾಗಿಯೇ ಉಳಿಯುತ್ತದೆ. ಇನ್ನೂರನೆಯ ಪುಟದಲ್ಲಿ ಸಿಕ್ಕಿಹಾಕಿಕೊಂಡ ನಾಯಕಿಗೆ ಏಕಾಏಕಿ ಹೊಸ ಶಕ್ತಿ ಬಂದುಬಿಟ್ಟರೆ ಓದುಗರು ಸಿಟ್ಟಾಗುತ್ತಾರೆ. ಆ ಸಿಟ್ಟು ನ್ಯಾಯವಾದದ್ದು.

ಓದುಗರು ಹೇಳಿದ್ದೆಲ್ಲ ಸರಿ ಎಂದು ಇದರರ್ಥವಲ್ಲ. ಶಾರ್ಲೇನ್ ಹ್ಯಾರಿಸ್ ವಿಷಯದಲ್ಲಿ ಅವರು ನಡೆದುಕೊಂಡದ್ದು ಒಪ್ಪುವಂಥದ್ದಲ್ಲ. ಸಾಂಪ್ರದಾಯಿಕ ಕೋಜಿಗಳಲ್ಲಿ ಕೈ ಪಳಗಿಸಿಕೊಂಡ ಹ್ಯಾರಿಸ್ 2001ರಲ್ಲಿ ‘ಡೆಡ್ ಅಂಟಿಲ್ ಡಾರ್ಕ್’ ಬರೆದರು. ಲೂಯಿಸಿಯಾನಾದ ಪುಟ್ಟ ಊರಿನ ಬಾರಿನಲ್ಲಿ ಕೆಲಸ ಮಾಡುವ, ಇತರರ ಮನಸ್ಸಿನ ಮಾತು ಕೇಳಿಸುವ ಸೂಕಿ ಸ್ಟ್ಯಾಕ್‌ಹೌಸ್ ಅದರ ನಾಯಕಿ. ಪುಸ್ತಕಕ್ಕೆ ಆಂಥನಿ ಪ್ರಶಸ್ತಿ ಬಂತು, ಮುಂದೆ ಎಚ್‌ಬಿಒ ವಾಹಿನಿ ‘ಟ್ರೂ ಬ್ಲಡ್’ ಧಾರಾವಾಹಿ ಮಾಡಿತು. ರಕ್ತ, ಶೃಂಗಾರ ಎರಡೂ ಹೆಚ್ಚಾದ ಈ ಸರಣಿಯನ್ನು ಅಪ್ಪಟ ಕೋಜಿ ಎನ್ನಲಾಗದು. ಆದರೂ ಅದರ ಬೇರು ಅಲ್ಲೇ ಇದೆ. 2013ರ ಹದಿಮೂರನೆಯ, ಕೊನೆಯ ಕಾದಂಬರಿಯಲ್ಲಿ ಸೂಕಿ ರಕ್ತಪಿಶಾಚಿಗಳಾದ ಎರಿಕ್‌ನನ್ನೂ ಬಿಲ್‌ನನ್ನೂ ಬಿಟ್ಟು ತನ್ನ ಗೆಳೆಯ ಸ್ಯಾಮ್ ಕಡೆ ವಾಲಿದಳು. ಪುಸ್ತಕ ಅಂಗಡಿಗೆ ಬರುವ ಮೊದಲೇ ಅಂತ್ಯ ಸೋರಿಹೋಗಿ, ಕೆಲವು ಅಭಿಮಾನಿಗಳು ಲೇಖಕಿಯ ಮೇಲೆ ಹರಿಹಾಯ್ದರು. ಓದದೆಯೇ ಕಳಪೆ ಎಂದು ಅಂಕ ಕೊಟ್ಟವರೂ ಇದ್ದರು.

ಇಲ್ಲಿ ಹ್ಯಾರಿಸ್ ಯಾವ ನಿಯಮವನ್ನೂ ಮುರಿದಿರಲಿಲ್ಲ. ಬಿಸಿಲಿಗೆ ಮೈಯೊಡ್ಡಿ ಮಲಗುವುದು ಸೂಕಿಗೆ ಪ್ರಾಣ, ರಕ್ತಪಿಶಾಚಿಗಳಿಗೆ ಹಗಲೇ ಇಲ್ಲ. ಅವಳು ಅವರಲ್ಲೊಬ್ಬಳಾಗುವವಳಲ್ಲ ಎಂಬುದಕ್ಕೆ ಸುಳಿವು ಮೊದಲ ಪುಸ್ತಕದಿಂದಲೇ ಬಿದ್ದಿತ್ತು. ‘ನೀವೇ ಹೇಳಿದ ನಿಯಮ ನೀವೇ ಮುರಿದಿರಿ’ ಎನ್ನುವುದು ಓದುಗರ ಹಕ್ಕು. ‘ನಾನು ಬಯಸಿದವನಿಗೇ ಅವಳನ್ನು ಕೊಡಬೇಕಿತ್ತು’ ಎನ್ನುವುದು ಹಠ. ಹನ್ನೆರಡು ವರ್ಷ ಒಂದು ಪಾತ್ರದ ಜೊತೆ ಬಾಳಿದವರ ನೋವು ಸುಳ್ಳಲ್ಲ, ಆದರೆ ಆ ನೋವು ವಿಮರ್ಶೆಯಾಗುವುದಿಲ್ಲ.

ಓದುಗರ ಅಭಿಪ್ರಾಯಕ್ಕೆ ಗೌರವದ ಸ್ಥಾನ ಕೊಟ್ಟ ವ್ಯವಸ್ಥೆಯೂ ಅಮೆರಿಕದಲ್ಲಿದೆ. 1989ರಿಂದ ವಾಷಿಂಗ್ಟನ್ ಆಸುಪಾಸಿನಲ್ಲಿ ನಡೆಯುವ ಮ್ಯಾಲಿಸ್ ಡೊಮೆಸ್ಟಿಕ್ ಸಮಾವೇಶ ಅಗಾಥಾ ಪ್ರಶಸ್ತಿ ಕೊಡುತ್ತದೆ. ಗೆಲ್ಲುವವರನ್ನು ಆರಿಸುವುದು ಸಮಾವೇಶಕ್ಕೆ ಬಂದವರ ಮತ. ಅವರಲ್ಲಿ ಓದುಗರ ಸಂಖ್ಯೆ ದೊಡ್ಡದು.

ಕನ್ನಡದಲ್ಲಿ ಇಂಥ ಓದುಗರು ಇರಲಿಲ್ಲವೇ? ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನಿಗಾಗಿ ಕಾದು ಕುಳಿತಿದ್ದವರು ಯಾರು? ಬೀದಿಮೂಲೆಯ ಸರ್ಕ್ಯುಲೇಟಿಂಗ್ ಲೈಬ್ರರಿಯಿಂದ ತಂದ ಪುಸ್ತಕದ ಕೊನೆಯ ಪುಟ ತಿರುವಿದರೆ ಅವರ ಕೈಬರಹವೇ ಕಾಣುತ್ತಿತ್ತು. ‘ಸೂಪರ್’, ‘ಬೋರು’, ‘ಮುಕ್ತಾಯ ಸರಿಯಿಲ್ಲ’ ಎಂದು ಒಬ್ಬರು ಪೆನ್ಸಿಲಿನಲ್ಲಿ ಗೀಚಿದರೆ, ಅದರ ಕೆಳಗೆ ಇನ್ನೊಬ್ಬರ ನೀಲಿ ಶಾಯಿಯ ಉತ್ತರ. ಹತ್ತನೆಯ ಪುಟದಲ್ಲೇ ಕೊಲೆಗಾರನ ಹೆಸರಿಗೆ ಗೆರೆ ಎಳೆದಿಡುವ ಕಿಡಿಗೇಡಿಯೂ ಇರುತ್ತಿದ್ದ. ಯಂಡಮೂರಿ ವೀರೇಂದ್ರನಾಥರ ‘ತುಳಸಿದಳ’ ತೆಲುಗಿನಿಂದ ಕನ್ನಡಕ್ಕೆ ಬಂದಾಗ, ಮಗುವನ್ನು ಕಾಪಾಡಿದ್ದು ಮಂತ್ರವೋ ವೈದ್ಯವೋ ಎಂದು ಓದಿದ ಮನೆಗಳಲ್ಲಿ ವಾದವಾಗುತ್ತಿತ್ತು. ಇದನ್ನೆಲ್ಲ ಸಾಹಿತ್ಯ ವಿಮರ್ಶೆ ಎಂದು ಯಾರೂ ಎತ್ತಿಡಲಿಲ್ಲ. ಲೈಬ್ರರಿಗಳು ಮುಚ್ಚಿದಾಗ ಆ ಪುಸ್ತಕಗಳು ರದ್ದಿಗೆ ಹೋದವು, ಟಿಪ್ಪಣಿಗಳೂ ಹೋದವು. ಕನ್ನಡ ಓದಿನ ಚರಿತ್ರೆಗೆ ಇದು ದೊಡ್ಡ ನಷ್ಟ.

ನಮ್ಮ ಜನಪ್ರಿಯ ಕಥೆಗಳಲ್ಲಿ ದೆವ್ವಕ್ಕೆ ಎರಡೇ ಕೆಲಸ: ಹೆದರಿಸುವುದು, ಇಲ್ಲವೇ ಕೊನೆಗೆ ಇರಲೇ ಇಲ್ಲ ಎಂದು ಸಾಬೀತಾಗುವುದು. 2004ರ ‘ಆಪ್ತಮಿತ್ರ’ದಲ್ಲಿ ನಾಗವಲ್ಲಿಯ ಕಾಟಕ್ಕೆ ಮನೋವೈದ್ಯ ಕಾರಣ ಹುಡುಕಿದ. 2015ರ ‘ರಂಗಿತರಂಗ’ದಲ್ಲಿ ಊರು ಹೆದರಿದ್ದ ಭೂತದ ಹಿಂದೆ ಇದ್ದವನು ಮನುಷ್ಯ. ಎರಡೂ ಒಳ್ಳೆಯ ಚಿತ್ರಗಳೇ. ಆದರೆ ಮನೆಯ ಒಬ್ಬ ಹಿರಿಯನಂತೆ ಜಗಲಿಯಲ್ಲಿ ಕೂತು, ಸೊಸೆಯ ಜೊತೆ ವಾದಿಸುತ್ತ ಊರಿನ ಕಳ್ಳತನವೊಂದನ್ನು ಬಿಡಿಸುವ ದೆವ್ವ ಕನ್ನಡದಲ್ಲಿ ಕಾಣಸಿಗುವುದು ಕಷ್ಟ. ಅದಕ್ಕೆ ಬೇಕಾದ ನೆಲ ನಮ್ಮಲ್ಲಿ ಹದವಾಗಿಯೇ ಇದೆ. ಕರಾವಳಿಯಲ್ಲಿ ಏನಾದರೂ ಕಳೆದುಹೋದರೆ ಜನ ಕೊರಗಜ್ಜನಿಗೆ ಚಕ್ಕುಲಿ, ವೀಳ್ಯ ಹೇಳಿಕೊಳ್ಳುತ್ತಾರೆ. ಕಾಣದವರ ಜೊತೆ ಭಯವಿಲ್ಲದೆ, ಸಲಿಗೆಯಿಂದ ಮಾತನಾಡುವುದು ಈ ನಾಡಿಗೆ ಹೊಸದಲ್ಲ. ನಂಬಿಕೆಯ ದೈವವನ್ನು ಕಾದಂಬರಿಯ ಪಾತ್ರ ಮಾಡಬೇಕಿಲ್ಲ, ಮಾಡಲೂಬಾರದು. ಆ ಸಲಿಗೆಯ ಧಾಟಿಯನ್ನು ಮಾತ್ರ ಕಲಿಯಬಹುದು.

ಬರೆಯಲು ಹೊರಡುವ ಕನ್ನಡದ ಲೇಖಕರು ಕಥೆಗಿಂತ ಮೊದಲು ಒಂದು ಹಾಳೆಯಲ್ಲಿ ತಮ್ಮ ದೆವ್ವದ ಕೈಲಾಗದ ಕೆಲಸಗಳನ್ನು ಬರೆದಿಟ್ಟುಕೊಳ್ಳಲಿ. ಹೊಸಿಲು ದಾಟಲಾರದೇ? ಬೆಳಕಿನಲ್ಲಿ ಕಾಣಲಾರದೇ? ತಾನು ಸತ್ತ ವರ್ಷದಿಂದ ಈಚೆಗಿನದು ಗೊತ್ತಿಲ್ಲವೇ? ವಾರಪತ್ರಿಕೆಯವರು ಅದನ್ನು ಧಾರಾವಾಹಿಯಾಗಿ ಹಾಕುವುದಾದರೆ ಜೊತೆಯಲ್ಲೇ ಅರ್ಧ ಪುಟ ಓದುಗರ ಪತ್ರಗಳಿಗೆ ಬಿಡಲಿ, ಹೊಗಳಿಕೆಯನ್ನಷ್ಟೇ ಆರಿಸದೆ ತಕರಾರುಗಳನ್ನೂ ಅಚ್ಚು ಮಾಡಲಿ. ನಾಲ್ಕನೆಯ ಕಂತಿನಲ್ಲಿ ದೆವ್ವ ಹೊಸಿಲು ದಾಟಿದರೆ, ಎರಡನೆಯ ಕಂತಿನಲ್ಲಿ ದಾಟಲಾರದು ಎಂದಿದ್ದಿರಲ್ಲ ಎಂದು ದಾವಣಗೆರೆಯಿಂದಲೋ ಪುತ್ತೂರಿನಿಂದಲೋ ಕಾಗದ ಬಂದೇ ಬರುತ್ತದೆ.