ಭಾವಚಿತ್ರದ ಕೋಣೆಯಿಂದ ಸಭಾಂಗಣಕ್ಕೆ

ನಮ್ಮ ಊರಿನ ಪೇಟೆಬೀದಿಯಲ್ಲಿ ನಾಲ್ಕು ದಶಕಗಳಿಗೂ ಮೀರಿ ನಡೆದುಬಂದ ಒಂದು ಛಾಯಾಚಿತ್ರ ಮಂದಿರವಿದೆ. ನಾವು ಮಠದ ಪಾಠಶಾಲೆಯಲ್ಲಿ ವ್ಯಾಸಂಗ ಮುಗಿಸಿದ ವರ್ಷ ಸಹಪಾಠಿಗಳೊಡನೆ ನಿಂತು ತೆಗೆಸಿಕೊಂಡ ಚಿತ್ರ ಅಲ್ಲಿಯದೇ. ಅಂದು ಕಪ್ಪು ಬಟ್ಟೆಯೊಳಗೆ ತಲೆ ಹುದುಗಿಸಿ “ಅಲುಗಾಡಬೇಡಿ” ಎಂದವರು ತಂದೆ. ಇಂದು ಅದೇ ಮಂದಿರವನ್ನು ನಡೆಸುತ್ತಿರುವವರು ಮಗ.

ಕಳೆದ ವರ್ಷ ಆ ಮಗ ನಮ್ಮಲ್ಲಿಗೆ ಬಂದು ತಮ್ಮ ಕಷ್ಟವನ್ನು ತೋಡಿಕೊಂಡರು. ಮನೆಮನೆಗೂ ಕ್ಯಾಮೆರಾ ಉಳ್ಳ ಮೊಬೈಲು ಬಂದಮೇಲೆ ಭಾವಚಿತ್ರಕ್ಕೆಂದು ಮೆಟ್ಟಿಲು ಹತ್ತುವವರು ವಿರಳರಾದರು. ಮದುವೆಯ ಕೆಲಸವೊಂದೇ ಆಧಾರ. ಅದೂ ಆಷಾಢದಲ್ಲಿಲ್ಲ, ಧನುರ್ಮಾಸದಲ್ಲಿಲ್ಲ. ಆದ್ದರಿಂದ ವರ್ತಕರ ಸಮ್ಮೇಳನ, ಕಂಪನಿಗಳ ಸಮಾರಂಭ, ಸಹಕಾರ ಸಂಘಗಳ ವಾರ್ಷಿಕ ಮಹಾಸಭೆ ಮೊದಲಾದವುಗಳ ಚಿತ್ರ ತೆಗೆಯುವ ಕೆಲಸಕ್ಕೆ ಅವರು ಕೈಹಾಕಿದ್ದರು. ಇವಕ್ಕೆ ಲಗ್ನಮುಹೂರ್ತ ಕಾಯಬೇಕಾಗಿಲ್ಲವಷ್ಟೆ. 1905ರಲ್ಲಿ ಗದಗದ ಬಳಿಯ ಕಣಗಿನಹಾಳದಲ್ಲಿ ಸಹಕಾರ ಸಂಘ ತಲೆಯೆತ್ತಿದ ನಾಡು ನಮ್ಮದು. ಮಹಾಸಭೆಗಳಿಗೇನೂ ಇಲ್ಲಿ ಬರವಿಲ್ಲ.

ಆದರೆ ಮೊದಲ ಕೆಲಸವೇ ಅವರ ಮನಸ್ಸಿಗೆ ಗಾಯ ಮಾಡಿತ್ತು. ಅದು ಒಂದು ಪತ್ತಿನ ಸಂಘದ ಬೆಳ್ಳಿಹಬ್ಬ. ಇವರು ತಮ್ಮ ಕೋಣೆಯ ಅಭ್ಯಾಸದಂತೆ ಮುಖ್ಯ ಅತಿಥಿಗಳನ್ನು ಕೂರಿಸಿ, ಶಾಲು ಸರಿಪಡಿಸಿ, ಗದ್ದ ಎತ್ತಿಸಿ, ನಗಿಸಿ ಚಿತ್ರ ತೆಗೆಯುವುದರಲ್ಲಿ ಮಗ್ನರಾಗಿದ್ದರು. ಅದೇ ಹೊತ್ತಿಗೆ ಸಂಘವನ್ನು ಸ್ಥಾಪಿಸಿದ ವೃದ್ಧ ಕಾರ್ಯದರ್ಶಿಗಳು ಒಬ್ಬ ಗುಮಾಸ್ತೆಯ ಕೈಹಿಡಿದು ವೇದಿಕೆ ಹತ್ತಿ, ದೀಪಕ್ಕೆ ಎಣ್ಣೆ ಹಾಕಿ, ಕೆಳಗಿಳಿದು ಹೋದರು. ನಾನೂರು ಚಿತ್ರಗಳಲ್ಲಿ ಆ ಹಿರಿಯರ ಭುಜವೊಂದು ಮಾತ್ರ ಕಾಣುತ್ತಿತ್ತು. ಎರಡು ತಿಂಗಳಲ್ಲಿ ಅವರು ತೀರಿಕೊಂಡರು. ಮಗ ಬಂದು ತಂದೆಯ ಕಡೆಯ ಚಿತ್ರ ಕೇಳಿದಾಗ ಕೊಡಲು ಏನೂ ಇರಲಿಲ್ಲ. ನಾಚಿಕೊಂಡು ಹಣ ಹಿಂದಿರುಗಿಸಲು ಹೋದರೆ, “ಹಣವನ್ನು ಯಾರು ಕೇಳಿದರು?” ಎಂದಷ್ಟೇ ನುಡಿದು ಆತ ಹೊರಟುಹೋದರಂತೆ.

“ಈ ಕೆಲಸ ನಮಗೆ ಒಗ್ಗದೆಂದು ಬಿಟ್ಟುಬಿಡಲೇ?” ಎಂಬುದು ಅವರ ಪ್ರಶ್ನೆಯಾಗಿತ್ತು.

ಬಿಡಬೇಡಿರೆಂದೇ ನಾವು ಹೇಳಿದೆವು. ಭಾವಚಿತ್ರದ ಕೋಣೆಯಲ್ಲಿ ಬೆಳಕು ಚಿತ್ರಗಾರನ ಮಾತು ಕೇಳುತ್ತದೆ, ಕುಳಿತವನೂ ಕೇಳುತ್ತಾನೆ. ಸಭೆಯಲ್ಲಿ ಇವೆರಡೂ ಕೇಳವು. ಅಲ್ಲಿ ಆಜ್ಞಾಪಿಸುವವನಿಗಿಂತ ಕಾದುನೋಡುವವನಿಗೆ ಬೆಲೆ. ಜರ್ಮನಿಯ ಎರಿಕ್ ಸಾಲೊಮನ್ ಎಂಬವರು ಕಾನೂನು ಓದಿದವರು. 1928ರ ಸುಮಾರಿಗೆ ಎರ್ಮಾನಾಕ್ಸ್ ಎಂಬ ಚಿಕ್ಕ ಕ್ಯಾಮೆರಾ ಹಿಡಿದು ನ್ಯಾಯಾಲಯ, ರಾಜತಾಂತ್ರಿಕ ಸಮ್ಮೇಳನಗಳೊಳಗೆ ಹೊಕ್ಕು, ಇದ್ದ ದೀಪದ ಬೆಳಕಿನಲ್ಲಿಯೇ ಚಿತ್ರ ತೆಗೆದರು. ಗಣ್ಯರು ಮೈಮರೆತಿದ್ದ ಗಳಿಗೆಗಳೇ 1931ರಲ್ಲಿ ಪ್ರಕಟವಾದ ಅವರ ಪುಸ್ತಕದ ವಸ್ತುವಾದವು. ಇನ್ನೊಬ್ಬರು ಕೆನಡಾದ ಯೂಸುಫ್ ಕಾರ್ಷ್. 1941ರ ಡಿಸೆಂಬರಿನಲ್ಲಿ ಚರ್ಚಿಲ್ಲರ ಬಾಯಿಂದ ಚುಟ್ಟಾವನ್ನು ಕಿತ್ತುಕೊಂಡು ತೆಗೆದ ಭಾವಚಿತ್ರದಿಂದ ಲೋಕವಿಖ್ಯಾತರಾದವರು. ಅಂಥವರು 1951ರಲ್ಲಿ ವಿಂಡ್ಸರ್ ನಗರದ ಫೋರ್ಡ್ ಮೋಟಾರು ಕಾರ್ಖಾನೆಗೆ ಹೋಗಿ, ಮಂತ್ರಿಮಾನ್ಯರಿಗೆ ತೋರಿದ ಮರ್ಯಾದೆಯನ್ನೇ ಅಲ್ಲಿಯ ಕಾರ್ಮಿಕರಿಗೂ ತೋರಿ ಚಿತ್ರಿಸಿದರು. ಮೊದಲಿನವರಿಂದ ಕಾಯುವುದನ್ನು ಕಲಿಯಬೇಕು. ಎರಡನೆಯವರನ್ನು ನೋಡಿದರೆ, ಮುಖವನ್ನು ಓದಬಲ್ಲ ಹಳೆಯ ವಿದ್ಯೆ ಹೊಸ ಕೆಲಸದಲ್ಲಿಯೂ ವ್ಯರ್ಥವಾಗುವುದಿಲ್ಲವೆಂದು ತಿಳಿಯುತ್ತದೆ.

ಇನ್ನು ವ್ಯವಹಾರದ ಮಾತು. ಹಿಂದಿನ ದಿನವೇ ಸಭಾಂಗಣಕ್ಕೆ ಹೋಗಿ, ದೀಪಸ್ತಂಭ ಎಲ್ಲಿ, ಕಿಟಕಿಯ ಬೆಳಕು ಯಾವ ಕಡೆ ಎಂದು ನೋಡಿಬರಬೇಕು. ಕಾರ್ಯಕ್ರಮ ಪಟ್ಟಿಯನ್ನೂ ಹೆಸರುಗಳನ್ನೂ ಬರೆದುಕೊಳ್ಳಬೇಕು. ಮದುವೆಯಲ್ಲಾದರೆ ಹಾರವನ್ನು ಮತ್ತೊಮ್ಮೆ ಹಾಕಿಸಬಹುದು, ಮಹಾಸಭೆಯಲ್ಲಿ ಎತ್ತಿದ ಕೈಗಳನ್ನು ಮತ್ತೊಮ್ಮೆ ಎತ್ತಿಸಲಾಗದು. ಆದಕಾರಣ ಕ್ಯಾಮೆರಾ ಎರಡಿರಲಿ, ಪ್ರತಿ ಚಿತ್ರವೂ ಎರಡು ಕಾರ್ಡುಗಳಲ್ಲಿ ಉಳಿಯಲಿ. ಪತ್ರಿಕೆಗೆ ಬೇಕಾದ ನಾಲ್ಕು ಚಿತ್ರಗಳನ್ನು ಅದೇ ಸಂಜೆ ಕಳುಹಿಸಬೇಕು, ಮಾರನೆಯ ದಿನಕ್ಕೆ ಅವು ಹಳಸುತ್ತವೆ.

ಕರಾರು ಬರಹದಲ್ಲಿರಲಿ. ಹಣ ಪಡೆದು ಇನ್ನೊಬ್ಬರ ಕೋರಿಕೆಯಂತೆ ತೆಗೆದ ಛಾಯಾಚಿತ್ರಕ್ಕೆ, ಬೇರೆ ಒಪ್ಪಂದವಿಲ್ಲದಿದ್ದರೆ, ತೆಗೆಸಿದವರೇ ಮೊದಲ ಒಡೆಯರೆಂದು 1957ರ ಕೃತಿಸ್ವಾಮ್ಯ ಕಾಯ್ದೆಯ 17ನೆಯ ಕಲಮು ಹೇಳುತ್ತದೆ. ತನ್ನ ಮಂದಿರದ ಗಾಜಿನ ಕಪಾಟಿನಲ್ಲಿ ಅದನ್ನು ಇಡಬೇಕೆಂಬ ಚಿತ್ರಗಾರನು ಮೊದಲೇ ಒಪ್ಪಿಗೆ ಬರೆಸಿಕೊಳ್ಳುವುದು ಒಳ್ಳೆಯದು. ಇದು ಅಪನಂಬಿಕೆಯಲ್ಲ, ಸ್ನೇಹ ಕೆಡದಿರಲೆಂದು ಕಟ್ಟಿದ ಬದು.

ಇಷ್ಟನ್ನೆಲ್ಲ ಹೇಳಿದ ಮೇಲೆ ನಾವು ಸೇರಿಸಿದ್ದು ಒಂದೇ ಮಾತು: “ಮುಖ್ಯ ಅತಿಥಿ ಯಾರೆಂದು ಆಹ್ವಾನಪತ್ರಿಕೆಯೇ ಹೇಳುತ್ತದೆ. ಇಲ್ಲಿಯ ಹಿರಿಯರು ಯಾರು, ದಿನವೂ ಬೀಗ ತೆಗೆಯುವವರು ಯಾರು ಎಂಬುದನ್ನು ನೀವು ಕೇಳಿ ತಿಳಿಯಿರಿ.”

ಈ ವರ್ಷ ಅವರು ಮತ್ತೊಂದು ಸಂಘದ ಮಹಾಸಭೆಯ ಚಿತ್ರಗಳನ್ನು ತಂದು ತೋರಿಸಿದರು. ಅತಿಥಿಗಳೂ ಇದ್ದರು, ಹಾರತುರಾಯಿಗಳೂ ಇದ್ದವು. ಅವುಗಳ ನಡುವೆ, ಹಿಂದಿನ ಸಾಲಿನಲ್ಲಿ ಕನ್ನಡಕ ಏರಿಸಿಕೊಂಡು ವರದಿಯ ಲಾಭನಷ್ಟದ ಪುಟವನ್ನು ಬೆರಳಿಟ್ಟು ಓದುತ್ತಿದ್ದ ಒಬ್ಬ ತಾಯಿಯ ಚಿತ್ರವಿತ್ತು. ಯಾರೂ ಆಕೆಗೆ ಹೀಗೆ ಕುಳಿತುಕೊಳ್ಳಿರೆಂದು ಹೇಳಿರಲಿಲ್ಲ. ಸಂಘದವರು ಅದನ್ನೇ ದೊಡ್ಡದು ಮಾಡಿಸಿ ಕಚೇರಿಯಲ್ಲಿ ತೂಗುಹಾಕಿದ್ದಾರೆಂದು ಕೇಳಿ ನಮಗೆ ಸಂತೋಷವಾಯಿತು.

ನಮ್ಮ ವಾಚಕ ಬಂಧುಗಳಲ್ಲಿ ಅಂಗಡಿ, ಗಿರಣಿ, ಸಂಘಸಂಸ್ಥೆಗಳನ್ನು ನಡೆಸುವವರು ಅನೇಕರಿದ್ದೀರಿ. ನಿಮ್ಮ ಸಮಾರಂಭಕ್ಕೆ ಚಿತ್ರಗಾರರನ್ನು ಕರೆದಾಗ ವೇದಿಕೆಯನ್ನಷ್ಟೇ ತೋರಿಸಬೇಡಿ. ನಿಮ್ಮ ಸಂಸ್ಥೆಯ ಮೊದಲ ದಿನಗಳನ್ನು ಕಂಡವರು ಎಲ್ಲಿ ಕುಳಿತಿದ್ದಾರೆಂದು ಅವರ ಕಿವಿಯಲ್ಲಿ ಹೇಳಿ. ಚಿತ್ರ ಬಂದಮೇಲೆ ಹಿಂಬದಿಯಲ್ಲಿ ಹೆಸರು, ತಾರೀಖು ಬರೆದಿಡಿ. ಮುಂದೊಂದು ದಿನ ಯಾರದೋ ಮಗ ಬಂದು ಕೇಳಿದಾಗ, ಕೊಡಲು ನಿಮ್ಮಲ್ಲಿ ಒಂದು ಚಿತ್ರವಿರಲಿ.