ಮಗ್ಗುಲು ಬದಲಿಸುವವರು ಯಾರು?

ಚುನಾವಣೆ ಬಂದಾಗಲೆಲ್ಲ ಜಿಲ್ಲೆಗೊಂದು ಮೆಡಿಕಲ್ ಕಾಲೇಜಿನ ಭರವಸೆ ಸಿಗುತ್ತದೆ. ಕಾಲೇಜು ಬೇಡವೆಂದು ಯಾರೂ ಹೇಳುವುದಿಲ್ಲ. ಆದರೆ ಮುಂದೆ ನಮಗೆ ಎಂಥ ಆರೋಗ್ಯ ಸಿಬ್ಬಂದಿ ಬೇಕು ಎಂದು ಕೇಳಿದರೆ ಎಂಬಿಬಿಎಸ್ ಸೀಟುಗಳ ಲೆಕ್ಕ ಒಪ್ಪಿಸುವುದನ್ನು ಸಹಿಸಲಾಗದು. ನಮ್ಮಲ್ಲಿ ವೃದ್ಧರ ಪಾಲು ಏರುತ್ತಿದೆ. 2011ರ ಜನಗಣತಿಯಲ್ಲಿ ಕರ್ನಾಟಕದ ನೂರು ಜನರಲ್ಲಿ ಅರವತ್ತು ದಾಟಿದವರು ಹತ್ತಕ್ಕಿಂತ ಕಡಿಮೆ ಇದ್ದರು. ಕೇಂದ್ರದ ತಜ್ಞರ ಸಮಿತಿಯ ಅಂದಾಜಿನಂತೆ 2031ಕ್ಕೆ ಅವರು ಸುಮಾರು 15 ಆಗುತ್ತಾರೆ.

ಲಕ್ವ ಹೊಡೆದು ಜಿಲ್ಲಾಸ್ಪತ್ರೆ ಸೇರಿದ ಅಜ್ಜನೊಬ್ಬನ ಜೀವ ಉಳಿಯಿತು, ಡಿಸ್ಚಾರ್ಜ್ ಆಯಿತು ಎಂದಿಟ್ಟುಕೊಳ್ಳಿ. ಮೂಗಿನಲ್ಲಿ ನಳಿಕೆ, ಮೂತ್ರಕ್ಕೆ ಕ್ಯಾತಿಟರ್. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಸೊಂಟದ ಹಿಂದೆ, ಹಿಮ್ಮಡಿಯಲ್ಲಿ ಚರ್ಮ ಕೆಂಪಾಗುತ್ತದೆ, ಒಡೆಯುತ್ತದೆ, ಕೊನೆಗೆ ಮೂಳೆ ಕಾಣುವಷ್ಟು ಆಳಕ್ಕೆ ಹುಣ್ಣಾಗುತ್ತದೆ. ಮಗ್ಗುಲು ಬದಲಿಸಬೇಕಾದವಳು ಮಂಡಿನೋವಿನಿಂದ ಗೋಡೆ ಹಿಡಿದು ನಡೆಯುವ ಅಜ್ಜಿ. ಮಗ ಬೆಂಗಳೂರಿನಲ್ಲಿ. ಊರಲ್ಲಿರುವ ಸೊಸೆ ಕೂಲಿ ಬಿಟ್ಟು ಕೂತರೆ ಒಲೆ ಉರಿಯುವುದಿಲ್ಲ. ಎಪ್ಪತ್ತು ದಾಟಿದವರಿಗೆಲ್ಲ 2024ರಲ್ಲಿ ವಿಸ್ತರಿಸಿದ ಆಯುಷ್ಮಾನ್ ಭಾರತ್‌ನ ಐದು ಲಕ್ಷದ ವಿಮೆ ಆಸ್ಪತ್ರೆಯಲ್ಲಿ ದಾಖಲಾದರೆ ಮಾತ್ರ ಉಪಯೋಗಕ್ಕೆ ಬರುತ್ತದೆ. ಮನೆಗೆ ಬಂದ ಮೇಲಿನ ತಿಂಗಳುಗಟ್ಟಲೆ ಆರೈಕೆಗೆ ಯಾರೂ ದಿಕ್ಕಿಲ್ಲ. ನಗರಗಳಲ್ಲಿ ಏಜೆನ್ಸಿಗಳು ಕಳಿಸುವ ‘ಹೋಮ್ ನರ್ಸ್’ಗಳಿದ್ದಾರೆ ನಿಜ, ಅವರಲ್ಲಿ ಎಷ್ಟೋ ಮಂದಿಗೆ ತರಬೇತಿಯೇ ಆಗಿರುವುದಿಲ್ಲ, ಅವರ ದುಡಿಮೆಗೂ ರಕ್ಷಣೆಯಿಲ್ಲ.

ಇಂಥ ಮನೆಯ ಬಾಗಿಲು ತಟ್ಟುವವಳು ಆಶಾ ಕಾರ್ಯಕರ್ತೆ. 2005ರಲ್ಲಿ ಆರಂಭವಾದ ಈ ಯೋಜನೆ ಮುಖ್ಯವಾಗಿ ತಾಯಿ-ಮಗುವಿಗಾಗಿ ಇತ್ತು. ಈಗ ಬಿಪಿ, ಶುಗರ್ ಸಮೀಕ್ಷೆಯೂ ಅವಳ ತಲೆಗೇ. 2025ರ ಜನವರಿಯಲ್ಲಿ ಸಾವಿರಾರು ಆಶಾಗಳು ಫ್ರೀಡಂ ಪಾರ್ಕ್‌ನಲ್ಲಿ ಹಗಲೂ ರಾತ್ರಿ ಕೂತು ತಿಂಗಳಿಗೆ ₹15,000 ಕೇಳಿದರು. ಸಿಕ್ಕಿದ್ದು ₹10,000ದ ಭರವಸೆ. ಅದೇ ವರ್ಷದ ಆಗಸ್ಟ್‌ನಲ್ಲಿ ಮತ್ತೆ ಧರಣಿ ಕೂರಬೇಕಾಯಿತು. ಸರ್ಕಾರದ ಕಡತದಲ್ಲಿ ಇವರು ಇಂದಿಗೂ ಸ್ವಯಂಸೇವಕಿಯರು. ಹಳ್ಳಿಯ ಆರೋಗ್ಯವನ್ನೆಲ್ಲ ಹೊತ್ತವಳಿಗೆ ಸಂಬಳವಿಲ್ಲ, ಗೌರವಧನ! ಇದು ನಾಚಿಕೆಗೇಡು.

ಮನೆ ಆರೈಕೆಗೆ ಸಂಬಳದ ಸಿಬ್ಬಂದಿ ಬೇಕೆಂದರೆ ದುಡ್ಡೆಲ್ಲಿ ಎಂಬ ಪ್ರಶ್ನೆ ಬರುತ್ತದೆ. ಕೇರಳ 2008ರಲ್ಲೇ ಉಪಶಾಮಕ ಆರೈಕೆ ನೀತಿ ತಂದು, ಪಂಚಾಯಿತಿಗಳ ಮೂಲಕ ಹಾಸಿಗೆ ಹಿಡಿದವರ ಮನೆಗೆ ನರ್ಸ್‌ಗಳನ್ನು ಕಳಿಸುತ್ತಿದೆ. ಅದೇನೂ ನಮಗಿಂತ ಸಿರಿವಂತ ಸರ್ಕಾರವಲ್ಲ. ಮನೆಯಲ್ಲಿ ಹುಣ್ಣಾಗಿ, ನಂಜೇರಿ ಅಜ್ಜ ಮತ್ತೆ ಐಸಿಯು ಸೇರಿದರೆ ಅದರ ಬಿಲ್ಲನ್ನೂ ಕೊನೆಗೆ ಸರ್ಕಾರಿ ವಿಮೆಯೇ ಕಟ್ಟಬೇಕಲ್ಲ?

ಪ್ರತಿ ಗ್ರಾಮ ಪಂಚಾಯಿತಿಗೆ ವೃದ್ಧರ ಮನೆ ಆರೈಕೆಗೆಂದೇ ಒಂದು ಕಾಯಂ ಹುದ್ದೆ ಬೇಕು. ಪಿಎಚ್‌ಸಿ ವೈದ್ಯರ ಉಸ್ತುವಾರಿ, ಹುಣ್ಣು ತೊಳೆಯುವ, ನಳಿಕೆ ನೋಡಿಕೊಳ್ಳುವ ತರಬೇತಿ, ತಿಂಗಳ ಸಂಬಳ, ಪಿಂಚಣಿ ಎಲ್ಲವೂ ಆ ಹುದ್ದೆಗಿರಲಿ. ನೇಮಕದಲ್ಲಿ ವರ್ಷಗಟ್ಟಲೆ ದುಡಿದ ಆಶಾಗಳಿಗೆ ಮೊದಲ ಆದ್ಯತೆ ಸಿಗಲಿ. ಮುಂದಿನ ಬಜೆಟ್‌ನಲ್ಲಿ ಹೊಸ ಕಾಲೇಜು ಘೋಷಿಸುವ ಮುನ್ನ ಮುಖ್ಯಮಂತ್ರಿಗಳು ಇಂಥ ಹುದ್ದೆ ಎಷ್ಟು, ಅದಕ್ಕೆ ಹಣವೆಷ್ಟು ಎಂದು ಓದಿ ಹೇಳಲಿ.